ಏಳನೇ ಫ್ರೇಮಿನ ಸದ್ದು

ಯಶವಂತಪುರ
೧೨ ಮಾರ್ಚ್ ೧೯೫೯

ಎಲೆಕ್ಟ್ರಿಕ್ ಮೇಸ್ತ್ರಿ ಪಿಳ್ಳಪ್ಪನವರಿಗೆ,

ಮಿಲ್ಲಿನ ನೂಲುವ ಖಾತೆಯ ಗಂಗರತ್ನ ಮಾಡುವ ನಮಸ್ಕಾರ. ಮಾಸ್ಟರ್ ಸೇತುರಾಮಯ್ಯನವರು ನನ್ನನ್ನು ಕರೆದು, "ಪಿಳ್ಳಪ್ಪ ಸ್ವೀಡನ್ನಿಗೆ ಹೋಗಿ ಎರಡು ತಿಂಗಳಾಯ್ತು. ಅವನು ಯಾವ ಮೋಟಾರು ಕಲಿಯೋಕೆ ಹೋಗಿದಾನೋ ಅದು ಇಲ್ಲಿ ಹೇಗೆ ನಡೀತಿದೆ ಅಂತ ಅವನಿಗೆ ಗೊತ್ತಾಗ್ಬೇಕು. ನಿನ್ನ ಅಕ್ಷರ ದುಂಡಗಿದೆ, ನೀನೇ ಬರಿ" ಅಂದರು. ಅದಕ್ಕೆ ಬರೆಯುತ್ತಿದ್ದೇನೆ.

ನೂಲುವ ಬೇರೆ ಫ್ರೇಮುಗಳೆಲ್ಲ ಹಳೆಯ ಮೋಟಾರಿನವು. ಗುಂಡಿ ಒತ್ತಿದರೆ ಒಂದೇ ಓಟ, ನಿಲ್ಲಿಸಿದರೆ ನಿಂತಿತು. ಏಳನೇ ಫ್ರೇಮಿಗೆ ಮಾತ್ರ ನೀವು ಹೋಗುವ ಮುಂಚೆ ಕೂರಿಸಿದ ಹೊಸ ಮೋಟಾರು. ಹಿಡಿ ತಿರುಗಿಸಿದರೆ ಒಳಗೆ ಕರೆಂಟು ಮುಟ್ಟಿಸುವ ಬ್ರಷ್ಷುಗಳು ಸರಿದು ವೇಗ ಹೆಚ್ಚು ಕಡಿಮೆ ಆಗುತ್ತದೆ ಅಂತ ತೋರಿಸಿಕೊಟ್ಟಿದ್ದಿರಿ. ಆದರೆ ಯಾವಾಗ ತಿರುಗಿಸಬೇಕು ಅಂತ ಯಾರಿಗೂ ಗೊತ್ತಿಲ್ಲ. ನಮ್ಮ ಕೆಲಸ ನೋಡಿಕೊಳ್ಳುವ ಜಾಬರ್ ಬೈರಣ್ಣ "ಪೂರ್ತಿ ಬಿಡು, ಹೊಸ ಕುದುರೆ ಓಡಲಿ" ಅನ್ನುತ್ತಾರೆ. ಹಾಗೇ ಓಡಿಸುತ್ತಿದ್ದೇವೆ.

ಎಳೆ ಕಡಿಯುವುದನ್ನು ಎಣಿಸಿದ್ದೇನೆ. ನೂಲು ಸುತ್ತುವ ಕಂಡಿಕೆಯನ್ನು ಖಾಲಿ ಹಾಕಿದ ಮೊದಲ ಕಾಲು ಗಂಟೆಯಲ್ಲಿ ಮೂವತ್ತೊಂದು ಎಳೆ ಕಡಿಯಿತು. ನಡುವಿನ ಒಂದು ಗಂಟೆಯಲ್ಲಿ ಬರೀ ಒಂಬತ್ತು. ಕಂಡಿಕೆ ತುಂಬುತ್ತಾ ಬಂದ ಕೊನೆಯ ಕಾಲು ಗಂಟೆಯಲ್ಲಿ ಇಪ್ಪತ್ತೆರಡು. ಇಷ್ಟು ಸಾಕೋ, ಇನ್ನೂ ಬೇಕೋ ತಿಳಿಸಿ.

ನೀವು ಹೊರಟ ದಿನ ಫ್ರೇಮಿನ ಹತ್ತಿರ ಬಂದು, ಆ ಕಡೆ ತಿರುಗಿಕೊಂಡು ಏನೋ ಅಂದಿರಿ. ನನಗೆ ತಿಳಿಯಲಿಲ್ಲ, ಸುಮ್ಮನೆ ತಲೆಯಾಡಿಸಿಬಿಟ್ಟೆ. ಮುಖ್ಯವಾದ ಮಾತಾಗಿದ್ದರೆ ಮನ್ನಿಸಬೇಕು.

ಗಂಗರತ್ನ


ವೆಸ್ಟರೋಸ್, ಸ್ವೀಡನ್
೩ ಏಪ್ರಿಲ್ ೧೯೫೯

ಗಂಗರತ್ನಮ್ಮನವರಿಗೆ,

ನಿಮ್ಮ ಪತ್ರ ಬಂದ ದಿನ ಇಲ್ಲಿನ ಸರೋವರದ ಮೇಲಿನ ಮಂಜುಗಡ್ಡೆ ಒಡೆಯುತ್ತಿತ್ತು. ಊರಿನ ಜನವೆಲ್ಲ ದಡದಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದರು. ನಾನು ಒಂದು ಕೈಯಲ್ಲಿ ನಿಮ್ಮ ತೆಳುವಾದ ನೀಲಿ ಕಾಗದ ಹಿಡಿದುಕೊಂಡು ನಿಂತಿದ್ದೆ. ಮೂವತ್ತೊಂದು, ಒಂಬತ್ತು, ಇಪ್ಪತ್ತೆರಡು. ಅಟ್ಟೂರಿನಂಥ ಹಳ್ಳಿಯಿಂದ ಬಂದವನಿಗೆ ಈ ದೇಶದಲ್ಲಿ ಯಾರೂ ಇಷ್ಟು ಅರ್ಥವಾಗುವ ಮಾತಾಡಿರಲಿಲ್ಲ.

ನನಗೆ ಪಾಠ ಹೇಳುವ ಇಂಜಿನಿಯರು ಮುದುಕರು. ಮೋಟಾರಿಗೆ ಓಡುವುದನ್ನು ಕಲಿಸುವುದು ಸುಲಭ, ನಿಧಾನ ಕಲಿಸಲು ಅರವತ್ತು ವರ್ಷ ಹಿಡಿಯಿತು ಅನ್ನುತ್ತಾರೆ. ಅವರ ತಂದೆಯ ಕಾಲದಲ್ಲಿ ಒಂದು ಮೋಟಾರು ಒಂದು ಡೈನಮೋ ತಿರುಗಿಸಬೇಕು, ಆ ಡೈನಮೋದ ಕರೆಂಟಿನಿಂದ ಇನ್ನೊಂದು ಮೋಟಾರು ತಿರುಗಬೇಕು. ಡೈನಮೋವನ್ನು ಹದಮಾಡಿದರೆ ಕೊನೆಯ ಮೋಟಾರು ಹೇಳಿದ ಹಾಗೆ ಕೇಳುತ್ತಿತ್ತು. ಒಂದು ಗಾಡಿ ಮೆಲ್ಲಗೆ ಹೋಗಲಿ ಅಂತ ಮೂರು ಗಾಡಿ ಕಟ್ಟಿದ ಹಾಗೆ. ಗಣಿಗೆ ಜನರನ್ನು ಇಳಿಸುವ ತೊಟ್ಟಿಲುಗಳಿಗೆ ಈಗಲೂ ಅದೇ ಇದೆಯಂತೆ.

ಆಮೇಲೆ ಬಂದದ್ದು, ಮೋಟಾರಿಗೆ ಹೋಗುವ ಕರೆಂಟನ್ನು ಹದಮಾಡುವ ಪಾದರಸದ ಬುರುಡೆ. ನಿನ್ನೆ ನೋಡಿದೆ. ಆಳೆತ್ತರದ ಗಾಜಿನ ಬುರುಡೆ, ಸುತ್ತ ಗಾಜಿನ ತೋಳುಗಳು. ತಳದಲ್ಲಿ ಪಾದರಸದ ಪುಟ್ಟ ಕೊಳ. ಆ ಕೊಳದ ಮೇಲೆ ಒಂದು ನೇರಳೆ ಬೆಳಕಿನ ಚುಕ್ಕೆ ನಿಲ್ಲದೆ ಅಲೆಯುತ್ತಿರುತ್ತದೆ. ಮೋಟಾರಿನ ಮೇಲೆ ಭಾರ ಬಿದ್ದಾಗ ಬೆಳಕು ಉಸಿರೆಳೆದುಕೊಂಡ ಹಾಗೆ ಹೆಚ್ಚುತ್ತದೆ. ಊಟದ ಹೊತ್ತು ಮೀರುವವರೆಗೂ ನೋಡುತ್ತಾ ಕೂತಿದ್ದೆ.

ನಮ್ಮ ಏಳನೇ ಫ್ರೇಮಿನ ಮೋಟಾರಿಗೆ ಇದ್ಯಾವುದೂ ಬೇಡ, ಬ್ರಷ್ಷು ಸರಿಸಿದರೆ ಸಾಕು. ಆದರೆ ಬ್ರಷ್ಷು ಒಗ್ಗಿದೆಯೋ ಇಲ್ಲವೋ ಸದ್ದಿನಲ್ಲೇ ಗೊತ್ತಾಗಬೇಕು. ದಯವಿಟ್ಟು ಮೊದಲಲ್ಲಿ, ನಡುವೆ, ಕೊನೆಯಲ್ಲಿ ಅದರ ಸದ್ದು ಹೇಗಿದೆ ಬರೆಯಿರಿ.

ಹೊರಡುವ ದಿನ ನಾನು ಹೇಳಿದ್ದು, ಮೋಟಾರನ್ನು ನೋಡಿಕೊಳ್ಳಿ ಅಂತ. ಅಷ್ಟೇ.

ಪಿಳ್ಳಪ್ಪ


ಸಿಂಗಾಪುರ
೨೧ ಜೂನ್ ೧೯೫೯, ಭಾನುವಾರ

ಪಿಳ್ಳಪ್ಪನವರಿಗೆ,

ತಡವಾಯಿತು. ಇವತ್ತು ರಜೆ, ನಿಮ್ಮ ಅಟ್ಟೂರಿನಿಂದ ಎರಡೇ ಮೈಲಿಯ ನಮ್ಮ ಹಳ್ಳಿಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಸದ್ದಿನ ವಿಷಯ ಬರೆಯುವುದು ಹೇಗೆ ಅಂತ ತಿಳಿಯದೆ ಮೂರು ಸಲ ಕಾಗದ ಹರಿದೆ.

ಪೂರ್ತಿ ಓಟದಲ್ಲಿ ಬಿಟ್ಟರೆ, ಮೊದಲಲ್ಲಿ ಅಂಗೈ ಮೇಲೆ ಇರುವೆ ಸಾಲು ಹರಿದ ಹಾಗಿರುತ್ತದೆ. ನಡುವೆ, ಹಸು ಮೆಲುಕು ಹಾಕುವಾಗ ಅದರ ಕೊರಳಲ್ಲಿ ಜೋಲುವ ಗಂಗೆದೊಗಲಿಗೆ ಕೈಯಿಟ್ಟ ಹಾಗೆ. ಕೊನೆಗೆ, ನೊಣ ಹಿಡಿದು ಮುಷ್ಟಿ ಮುಚ್ಚಿದ ಹಾಗೆ. ಇದು ನಿಮಗೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ.

ನಾನು ಒಂದು ತಪ್ಪು ಮಾಡಿದ್ದೇನೆ. ಕದಿರಿನ ಸುತ್ತ ತಿರುಗುವ ನೂಲು ಗಾಳಿಯಲ್ಲಿ ಒಂದು ಗುಳ್ಳೆ ಕಟ್ಟುತ್ತದಲ್ಲ, ಅದನ್ನೇ ನೋಡುತ್ತಿದ್ದೆ. ಕಂಡಿಕೆ ಖಾಲಿ ಇದ್ದಾಗ ಗುಳ್ಳೆ ಉದ್ದ, ಹೆದರಿದ ಹಾಗೆ ನಡುಗುತ್ತದೆ. ಕಂಡಿಕೆ ಅರ್ಧ ತುಂಬಿದಾಗ ದುಂಡಗೆ, ನಿಶ್ಚಿಂತೆಯಾಗಿ ನಿಲ್ಲುತ್ತದೆ. ಕೊನೆಗೆ ಗಿಡ್ಡವಾಗಿ ಬಿಗಿಯುತ್ತದೆ. ಹೆದರಿದವರನ್ನು ಓಡಿಸಬಾರದು ಅನ್ನಿಸಿತು. ಬೈರಣ್ಣ ಟೀಗೆ ಹೋದಾಗ ನಾನೇ ಹಿಡಿ ತಿರುಗಿಸಿದೆ. ಮೊದಲು ಮೆಲ್ಲಗೆ, ಗುಳ್ಳೆ ಸಮಾಧಾನವಾದ ಮೇಲೆ ಜೋರಾಗಿ, ಕೊನೆಗೆ ಮತ್ತೆ ಮೆಲ್ಲಗೆ. ಅರವತ್ತೆರಡು ಕಡಿಯುತ್ತಿದ್ದುದು ಹತ್ತೊಂಬತ್ತಕ್ಕೆ ಇಳಿಯಿತು. ಪಕ್ಕದ ಫ್ರೇಮಿನ ರೆಹಾನಾ ಕೂಡ ಎಣಿಸಿದಳು. ಐದು ದಿನ ಹಾಗೇ ಮಾಡಿದೆ. ಹಿಂದಿನ ಪುಟದಲ್ಲಿ ಗೆರೆ ಎಳೆದಿದ್ದೇನೆ, ಎಷ್ಟು ಹೊತ್ತಿಗೆ ಹಿಡಿ ಎಲ್ಲಿತ್ತು ಅಂತ. ಹೆಬ್ಬಾಳದ ಕೆರೆ ಏರಿ ಹತ್ತಿ, ಮೇಲೆ ನಡೆದು, ಆ ಕಡೆ ಇಳಿದ ಹಾಗೆ ಕಾಣುತ್ತದೆ.

ಐದನೇ ದಿನ ಮನೆಗೆ ಬಂದು ಮಲಗಿದರೆ ಒಂದು ಕನಸು. ಮಿಲ್ಲು ತಾನೇ ತಾನಾಗಿ ನಿಧಾನವಾಗುತ್ತಿದೆ. ಬೆಲ್ಟುಗಳು ತೇಲುತ್ತಿವೆ. ನಾನೂರು ಎಳೆಗಳೂ ಕದಿರು ಬಿಟ್ಟು ಕಿಟಕಿಯಿಂದ ಆಚೆ ಹೋಗಿ ಕೆರೆಯ ನೀರಿನ ಮೇಲೆ ಮಲಗಿದವು. ಒಂದೂ ಕಡಿದಿಲ್ಲ. ಬೆಳಿಗ್ಗೆ ನನ್ನನ್ನು ಸಾಕಿದ ಸೋದರತ್ತೆ ಮುನಿಯಲ್ಲಮ್ಮನಿಗೆ ಹೇಳಿದರೆ, "ಕೈ ಸುಮ್ಕಿರದೋರ್ಗೆ ಇಂಗೇ ಕಣವ್ವ, ಕನಸ್ನಾಗೂ ಕೆಲ್ಸ" ಅಂದರು.

ಮಾಸ್ಟರಿಗೆ ನಾನು ಹಿಡಿ ಮುಟ್ಟಿದ್ದು ಹೇಳಬೇಡಿ.

ಗಂಗರತ್ನ


ವೆಸ್ಟರೋಸ್
೧೦ ಜನವರಿ ೧೯೬೦

ಗಂಗರತ್ನ ಅವರೇ,

ಆರು ತಿಂಗಳು ಬರೆಯಲಿಲ್ಲ. ಬರೆದರೆ ಕೆಲಸದ ಸುದ್ದಿಯೊಂದೇ ಬರೆಯಲು ಆಗುತ್ತಿರಲಿಲ್ಲ, ಅದಕ್ಕೆ.

ಮೊದಲು ಕೆಲಸದ ಸುದ್ದಿ. ನಿಮ್ಮ ಗೆರೆಯನ್ನು ಮುದುಕರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಉಕ್ಕಿನ ಬಿಲ್ಲೆಯಲ್ಲಿ ಕಡೆಸಿದರು. ಅಂಚು ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ನೂಲು ಸುತ್ತುತ್ತಾ ಹೋದ ಹಾಗೆ ಆ ಬಿಲ್ಲೆ ಮೆಲ್ಲಗೆ ತಿರುಗಿ ತಾನೇ ಬ್ರಷ್ಷನ್ನು ಸರಿಸುತ್ತದೆ. ಹಿಡಿಯ ಹತ್ತಿರ ಯಾರೂ ನಿಲ್ಲಬೇಕಾಗಿಲ್ಲ. ಇಲ್ಲಿನ ಪರೀಕ್ಷೆಯ ಫ್ರೇಮಿನಲ್ಲಿ ಎರಡು ವಾರ ಓಡಿಸಿದೆವು. ಎಳೆಗಳು ನಿಮ್ಮ ಮಾತು ಕೇಳುತ್ತಿವೆ.

ಈಗ ಮಧ್ಯಾಹ್ನ ಮೂರಕ್ಕೇ ಸೂರ್ಯ ಮುಳುಗುತ್ತಾನೆ. ಮುಳುಗಿದ ಮೇಲೂ ಬೆಳಕು ಹಿಮದ ಮೇಲೆ ಬಹಳ ಹೊತ್ತು ನೀಲಿಯಾಗಿ ಉಳಿದಿರುತ್ತದೆ. ಆ ಹೊತ್ತಿನಲ್ಲಿ ನಿಮ್ಮ ಪತ್ರ ಓದುತ್ತೇನೆ. ಇರುವೆ ಸಾಲು, ಹಸುವಿನ ಗಂಗೆದೊಗಲು, ಮುಷ್ಟಿಯೊಳಗಿನ ನೊಣ. ಮೋಟಾರನ್ನು ಹೀಗೆ ಕೇಳಿಸಿಕೊಂಡವರನ್ನು ಇಲ್ಲಿಯ ಪ್ರೊಫೆಸರುಗಳೂ ಕಂಡಿಲ್ಲ. ಇಂಥ ಕಿವಿ ಇರುವವರ ಜೊತೆ ಬಾಳುವವನು ಬಾಯಿಬಿಟ್ಟು ಏನೂ ಹೇಳಬೇಕಾಗುವುದಿಲ್ಲ ಅನ್ನಿಸುತ್ತದೆ.

ಆದರೂ ಹೇಳುತ್ತೇನೆ. ಹೊರಟ ದಿನ ನಾನು ಅಂದದ್ದು ಮೋಟಾರಿನ ವಿಷಯವಲ್ಲ. "ನಾನು ಬರುವವರೆಗೆ ಇರ್ತೀರಾ" ಅಂದೆ. ನೀವು ತಲೆಯಾಡಿಸಿದಿರಿ. ಅದನ್ನೇ ನಂಬಿಕೊಂಡು ಹಡಗು ಹತ್ತಿದೆ.

ಈ ಬೇಸಿಗೆಗೆ ತರಬೇತಿ ಮುಗಿಯುತ್ತದೆ. ಬಂದು ನಿಮ್ಮ ಅತ್ತೆಯವರನ್ನು ಕೇಳಬಹುದೇ? ನಿಮ್ಮ ಮನೆಯ ಜಗಲಿಯಲ್ಲಿ ದೀಪ ಆರಿಸಿ, ನೀವು ನಾನು ಕತ್ತಲಲ್ಲಿ ಸುಮ್ಮನೆ ಮಾತಾಡುತ್ತಾ ಕೂತ ಹಾಗೆ ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ.

ನಿಮ್ಮ
ಪಿಳ್ಳಪ್ಪ


ಯಶವಂತಪುರ
೨ ಮೇ ೧೯೬೦

ಶ್ರೀ ಪಿಳ್ಳಪ್ಪನವರಿಗೆ,

ನೀವು ಕಳಿಸಿದ ಬಿಲ್ಲೆಯನ್ನು ಏಳನೇ ಫ್ರೇಮಿಗೆ ಕೂರಿಸಿದ ಮೇಲೆ ಏಪ್ರಿಲ್ ತಿಂಗಳ ಎಣಿಕೆ: ಮೊದಲ ಕಾಲು ಗಂಟೆ ಏಳು, ನಡುವೆ ಆರು, ಕೊನೆಗೆ ಐದು. ಬ್ರಷ್ಷು ಒಮ್ಮೆ ಬದಲಾಯಿಸಿದ್ದಾರೆ.

ನಮ್ಮ ಮನೆಗೆ ಬರುವುದು ಬೇಡ. ಕಾರಣ ಕೇಳಬೇಡಿ. ನಾನು ತಲೆಯಾಡಿಸಿದ್ದು ಅರ್ಥವಾಗಿ ಅಲ್ಲ ಅಂತ ಮೊದಲ ಪತ್ರದಲ್ಲೇ ಬರೆದಿದ್ದೆ.

ಗಂಗರತ್ನ


ವೆಸ್ಟರೋಸ್
೧೮ ಅಕ್ಟೋಬರ್ ೧೯೬೦

ಶ್ರೀಮತಿ ಗಂಗರತ್ನಮ್ಮನವರಿಗೆ,

ಶ್ರೀಮತಿ ಎಂದು ಬರೆದದ್ದು ತಪ್ಪಾಗಿರಲಾರದು ಅಂದುಕೊಳ್ಳುತ್ತೇನೆ. ಮದುವೆಯ ಮಾತು ಮೊದಲೇ ಎಲ್ಲೋ ಆಗಿದ್ದಿರಬೇಕು, ಹೇಳಲು ನಿಮಗೆ ಸಂಕೋಚವಾಯಿತು. ಎಲ್ಲಿದ್ದರೂ ಚೆನ್ನಾಗಿರಿ.

ನಾನು ಬರುತ್ತಿಲ್ಲ. ಇಲ್ಲಿನ ಪ್ರಯೋಗಶಾಲೆಯಲ್ಲಿ ಎರಡು ವರ್ಷಕ್ಕೆ ಕೆಲಸ ಒಪ್ಪಿಕೊಂಡಿದ್ದೇನೆ. ಫ್ರೇಮಿನ ವರದಿಯನ್ನು ಮಿಲ್ಲಿಗೆ ಕಳಿಸಿಯಾಗಿದೆ. ಇನ್ನು ನೀವು ಎಣಿಸುವ ಅಗತ್ಯವಿಲ್ಲ.

ಇಲ್ಲಿ ಒಂದು ಹೊಸ ವಸ್ತು ಬಂದಿದೆ. ಮರಳಿನಿಂದ ತೆಗೆದ ಸಿಲಿಕಾನಿನ ಬಿಲ್ಲೆ, ಕೋಟಿನ ಗುಂಡಿಯಷ್ಟು. ಕೆರೆಯ ತೂಬು ಎತ್ತಿ ಇಳಿಸಿದ ಹಾಗೆ ಸೆಕೆಂಡಿಗೆ ನೂರು ಸಲ ಕರೆಂಟನ್ನು ಬಿಟ್ಟು ತಡೆಯುತ್ತದೆ. ಇದು ಪಳಗಿದರೆ ಮೂರು ಗಾಡಿಯೂ ಬೇಡ, ಪಾದರಸದ ಬುರುಡೆಯೂ ಬೇಡ, ನಮ್ಮ ಬ್ರಷ್ಷಿನ ಮೋಟಾರೂ ಬೇಡ. ಏನನ್ನು ಕಲಿಯಲು ನನ್ನನ್ನು ಕಳಿಸಿದರೋ ಅದು ನಾನು ಕಲಿಯುವಷ್ಟರಲ್ಲಿ ಹಳತಾಯಿತು.

ಪಾದರಸದ ಬುರುಡೆಯನ್ನು ಮೊನ್ನೆ ಕಳಚಿದರು. ಬೆಳಕು ಆರಿದ ಮೇಲೆ ಅದು ಬರೀ ಗಾಜು.

ಪಿಳ್ಳಪ್ಪ


ಸಿಂಗಾಪುರ
೯ ಸೆಪ್ಟೆಂಬರ್ ೧೯೬೨

ಪಿಳ್ಳಪ್ಪನವರಿಗೆ,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ಮದುವೆ ಆಗಿಲ್ಲ, ಎಲ್ಲೂ ಮಾತೂ ಆಗಿರಲಿಲ್ಲ. ಅದು ನೀವಾಗಿ ಕಟ್ಟಿಕೊಂಡದ್ದು. ಅಲ್ಲ ಅನ್ನಲು ನನಗೂ ಮನಸ್ಸಾಗಲಿಲ್ಲ, ಯಾಕೆಂದರೆ ನಿಜ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ಮಿಲ್ಲಿಗೆ ನಾಲ್ಕು ಹೊಸ ಫ್ರೇಮು ಬಂದವು. ಪ್ರತಿಯೊಂದಕ್ಕೂ ಉಬ್ಬುತಗ್ಗಿನ ಉಕ್ಕಿನ ಬಿಲ್ಲೆ. ಪಕ್ಕದಲ್ಲಿ ಒಂದು ರಟ್ಟಿನ ಮೇಲೆ ಆ ಗೆರೆಯ ಚಿತ್ರ ತೂಗುಹಾಕಿದ್ದಾರೆ. ನನ್ನ ಗೆರೆ ನನಗೆ ಗೊತ್ತಾಗುವುದಿಲ್ಲವೇ? ಕೆಳಗೆ "ಪಿಳ್ಳಪ್ಪ ಕರ್ವ್" ಅಂತ ಬರೆದಿದೆ. ಸೇತುರಾಮಯ್ಯನವರು ಎಲ್ಲರನ್ನೂ ಕರೆದು ತೋರಿಸಿ, "ನೋಡಿ, ನಮ್ಮ ಅಟ್ಟೂರಿನ ಹುಡುಗ" ಅಂದರು. ನನಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಸಿಟ್ಟು ಇನ್ನೂ ಹೋಗಿಲ್ಲ. ಐದು ದಿನ ಬೈರಣ್ಣನ ಕಣ್ಣು ತಪ್ಪಿಸಿ ಕೆಲಸ ಪಣಕ್ಕಿಟ್ಟವಳು ನಾನು.

ಇನ್ನೊಂದು ವಿಷಯ. ಕಳೆದ ತಿಂಗಳು ಹತ್ತಿಯ ಗೋದಾಮಿನಲ್ಲಿ ಬೆಂಕಿ ಕಾಣಿಸಿತು ಅಂತ ಗಂಟೆ ಹೊಡೆದರು. ಎಲ್ಲರೂ ಓಡಿದರು. ನಾನು ಬೆನ್ನು ಮಾಡಿಕೊಂಡು ಎಳೆ ಕೂಡಿಸುತ್ತಾ ನಿಂತೇ ಇದ್ದೆ. ರೆಹಾನಾ ವಾಪಸ್ ಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಬೆಂಕಿ ಸಣ್ಣದು, ಬೇಗ ಆರಿತು. ಆದರೆ ಬೈರಣ್ಣನಿಗೆ ಗೊತ್ತಾಯಿತು. ನನ್ನ ಹಿಂದೆ ನಿಂತು ತಗಡು ಬಡಿದು ನೋಡಿದರಂತೆ. ನಾನು ತಿರುಗಲಿಲ್ಲ.

ನನಗೆ ಕಿವಿ ಕೇಳಿಸುವುದಿಲ್ಲ, ಪಿಳ್ಳಪ್ಪನವರೇ. ಚಿಕ್ಕಂದಿನ ಜ್ವರದಲ್ಲಿ ಅರ್ಧ ಹೋಗಿತ್ತು, ಮಗ್ಗದ ಷೆಡ್ಡಿನಲ್ಲಿ ದುಡಿದ ಆರು ವರ್ಷದಲ್ಲಿ ಉಳಿದದ್ದೂ ಹೋಯಿತು. ಮಿಲ್ಲಿನೊಳಗೆ ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಾರೆ, ಅಲ್ಲಿ ನಾನು ಎಲ್ಲರ ಹಾಗೆ. ನೀವು ನನ್ನನ್ನು ಕಂಡದ್ದೂ ಮಿಲ್ಲಿನೊಳಗೆ ಮಾತ್ರ. ನೀವು ಸದ್ದು ಕೇಳಿ ಬರೆಯಿರಿ ಅಂದಾಗ ನಾನು ಮೋಟಾರಿನ ಮೈಮೇಲೆ ಅಂಗೈ ಇಟ್ಟೆ. ಇರುವೆ, ಗಂಗೆದೊಗಲು, ನೊಣ, ಎಲ್ಲವೂ ಅಂಗೈಗೆ ಸಿಕ್ಕಿದ್ದು. ಏಳನೇ ಫ್ರೇಮಿನ ಸದ್ದು ಹೇಗಿದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನೀವು ಮೆಚ್ಚಿದ್ದು ನನ್ನ ಕಿವಿಯನ್ನು. ಕೂರಬೇಕು ಅಂದದ್ದು ದೀಪ ಆರಿಸಿದ ಜಗಲಿಯಲ್ಲಿ. ಕತ್ತಲಲ್ಲಿ ನನಗೆ ಯಾರ ಮಾತೂ ಇಲ್ಲ. ಏನಂತ ಉತ್ತರ ಬರೆಯಲಿ?

ನನ್ನನ್ನು ಫ್ರೇಮಿನಿಂದ ತೆಗೆದಿದ್ದಾರೆ. ಸದ್ಯಕ್ಕೆ ನೂಲಿನ ಲಡಿ ಕಟ್ಟುತ್ತಿದ್ದೇನೆ. ದೀಪಾವಳಿ ಆದ ಮೇಲೆ ಏನು ಅಂತ ಗೊತ್ತಿಲ್ಲ.

ಗಂಗರತ್ನ


ವೆಸ್ಟರೋಸ್
೨೫ ಸೆಪ್ಟೆಂಬರ್ ೧೯೬೨

ಗಂಗರತ್ನ ಅವರೇ,

ವರದಿಯಲ್ಲಿ ನಿಮ್ಮ ಹೆಸರಿತ್ತು. "ಈ ಗೆರೆಯನ್ನು ಕಂಡುಹಿಡಿದವರು ಏಳನೇ ಫ್ರೇಮಿನ ಗಂಗರತ್ನಮ್ಮ" ಅಂತ ಒಂದು ಸಾಲು. ಅದು ಟೈಪಾಗುತ್ತಿದ್ದ ವಾರವೇ ನಿಮ್ಮ ಮೇ ತಿಂಗಳ ಪತ್ರ ಬಂತು. ಆ ಸಾಲನ್ನು ನಾನೇ ಪೆನ್ನಿನಿಂದ ಹೊಡೆದುಹಾಕಿದೆ. ಆ ಹೆಸರನ್ನು ನೋಡಲು ಆಗುತ್ತಿಲ್ಲ, ಅದಕ್ಕೆ, ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನಿಮಗೆ ನೋಯಲಿ ಅಂತಲೇ ಹೊಡೆದದ್ದು. ಎರಡು ವರ್ಷ ಅದನ್ನು ಮುಚ್ಚಿಟ್ಟು ನಿದ್ದೆ ಮಾಡಿದೆ.

ಇವತ್ತು ಸೇತುರಾಮಯ್ಯನವರಿಗೆ ಬರೆದಿದ್ದೇನೆ. ಗೆರೆ ಯಾರದು, ಹಿಡಿ ಯಾರು ತಿರುಗಿಸಿದರು, ಹೆಸರು ಯಾಕೆ ಹೋಯಿತು, ಎಲ್ಲವನ್ನೂ. ಹಿಡಿ ಮುಟ್ಟಿದ್ದು ಹೇಳಬೇಡಿ ಅಂದಿದ್ದಿರಿ. ಕೇಳದೆ ಆ ಮಾತು ಮುರಿದಿದ್ದೇನೆ. ನಿಮ್ಮ ಜೂನ್ ಪತ್ರವನ್ನೂ, ನೀವು ಎಳೆದ ಗೆರೆಯನ್ನೂ ಜೊತೆಗಿಟ್ಟು ಕಳಿಸಿದ್ದೇನೆ. ಮೂರು ವರ್ಷ ಅಂಗಿಯ ಜೇಬಿನಲ್ಲಿದ್ದ ಕಾಗದ, ಮಡಿಕೆ ಹರಿದಿದೆ.

ನಿಮ್ಮ ಪತ್ರ ಓದಿದ ಮೇಲೆ ಪರೀಕ್ಷೆಯ ಷೆಡ್ಡಿಗೆ ಹೋಗಿ, ಕಿವಿಗೆ ಹತ್ತಿ ತುರುಕಿಕೊಂಡು ಮೋಟಾರಿನ ಮೇಲೆ ಅಂಗೈ ಇಟ್ಟೆ. ಮೊದಲು ಏನೂ ತಿಳಿಯಲಿಲ್ಲ. ಬಹಳ ಹೊತ್ತು ಕಣ್ಣು ಮುಚ್ಚಿಕೊಂಡು ನಿಂತೆ. ಆಮೇಲೆ ನಿಜವಾಗಿ ಇರುವೆಗಳು ಬಂದವು, ಸಾಲು ಸಾಲಾಗಿ, ಮೊಣಕೈವರೆಗೂ. ನೀವು ಇರುವ ಲೋಕದ ಹೊಸ್ತಿಲಲ್ಲಿ ನಿಂತ ಹಾಗಾಯಿತು. ಅಲ್ಲಿ ನಾನು ಏನೂ ಬಾರದ ಹೊಸಬ.

ಡಿಸೆಂಬರಿಗೆ ಇಲ್ಲಿಯ ಕರಾರು ಮುಗಿಯುತ್ತದೆ. ಬರುತ್ತೇನೆ. ನೀವು ಕರೆದಿಲ್ಲ, ಗೊತ್ತಿದೆ. ಅಟ್ಟೂರಿಗೆ ಬರುತ್ತೇನೆ.

ಪಿಳ್ಳಪ್ಪ


ಯಶವಂತಪುರ
೧೪ ನವೆಂಬರ್ ೧೯೬೨

ಪಿಳ್ಳಪ್ಪನವರಿಗೆ,

ಸೇತುರಾಮಯ್ಯನವರು ನಿಮ್ಮ ಪತ್ರ ಹಿಡಿದುಕೊಂಡು ಲಡಿ ಕಟ್ಟುವ ಕಡೆಗೇ ಬಂದರು. ನನ್ನೆದುರು ನಿಂತು, ತುಟಿ ಚೆನ್ನಾಗಿ ಕಾಣುವ ಹಾಗೆ, "ನನಗೇ ಹೇಳಬಾರದಿತ್ತೇನಮ್ಮಾ" ಅಂದರು. ಕೆಲಸ ಹೋಗುತ್ತಿತ್ತಲ್ಲ ಸ್ವಾಮಿ, ಅಂದೆ. ಅವರು ಕಾಗದ ಮಡಿಚಿ ಜೇಬಿಗಿಟ್ಟುಕೊಂಡರು. ಹೋಗುತ್ತಿರಲಿಲ್ಲ ಅಂತ ಹೇಳಲಿಲ್ಲ.

ರಟ್ಟಿನ ಮೇಲೆ ಹೆಸರು ಬದಲಾಗಿದೆ. ರೆಹಾನಾ ದಿನಾ ಅದನ್ನು ಸೆರಗಿನಿಂದ ಒರೆಸುತ್ತಾಳೆ, ನನಗೆ ನಾಚಿಕೆ. ನನ್ನನ್ನು ಎಲೆಕ್ಟ್ರಿಕ್ ಖಾತೆಗೆ ಹಾಕಿದ್ದಾರೆ. ಐದು ಮೋಟಾರಿಗೂ ಬೆಳಿಗ್ಗೆ ಅಂಗೈ ಇಟ್ಟು, ಯಾವುದರ ಬ್ರಷ್ಷು ಸವೆದಿದೆ ಅಂತ ಹೇಳಬೇಕು. ಬೈರಣ್ಣ "ಹಸ್ತಸಾಮುದ್ರಿಕ ನೋಡೋಳು ಬಂದ್ಳು" ಅಂತ ನಗುತ್ತಾರೆ. ಹೋದ ವಾರ ಮೂರನೆಯದು ಕೆಡುತ್ತದೆ ಅಂದೆ, ಮಾರನೇ ದಿನ ಕೆಟ್ಟಿತು. ಈಗ ನಗುವುದು ಕಡಿಮೆಯಾಗಿದೆ. ಆದರೂ ಎಳೆ ಕೂಡಿಸದ ಬೆರಳಿಗೆ ಬೇಜಾರು.

ಸಿಟ್ಟು ಪೂರ್ತಿ ಹೋಗಿಲ್ಲ. ಸುಳ್ಳು ಹೇಳಿ ಏನು?

ಗಂಗರತ್ನ


ಅಟ್ಟೂರು
೧೮ ಫೆಬ್ರವರಿ ೧೯೬೩

ಗಂಗರತ್ನ ಅವರೇ,

ಎರಡು ಮೈಲಿ ದೂರಕ್ಕೆ ಅಂಚೆಗೆ ಹಾಕುತ್ತಿದ್ದೇನೆ. ಅಂಚೆಯವನು ನಕ್ಕ.

ನಿನ್ನೆ ನಿಮ್ಮ ಮನೆಗೆ ಬಂದವನು ಹೇಳಬೇಕಾದ್ದೆಲ್ಲ ಹೇಳಿದೆ. ನೀವು ಒಂದು ಮಾತೂ ಆಡದೆ ಕೂತಿದ್ದಿರಿ. ಮುನಿಯಲ್ಲಮ್ಮನವರು ಮಾತ್ರ "ಸರಿ ಬಿಡಪ್ಪ, ಕಾಪಿ ಕುಡಿ" ಅಂದರು. ಕುಡಿದು ಹೊರಟೆ. ತೋಪು ದಾಟುವಾಗ ಹೊಳೆಯಿತು, ನಾನು ಮಾತಾಡಿದ್ದು ಪೂರ್ತಿ ನೆಲ ನೋಡಿಕೊಂಡು! ನನ್ನ ತುಟಿ ನಿಮಗೆ ಕಾಣಲೇ ಇಲ್ಲ. ಇಷ್ಟು ವರ್ಷ ಕಳೆದರೂ ನನಗೆ ಬುದ್ಧಿ ಬಂದಿಲ್ಲ.

ಅದಕ್ಕೆ ನಿನ್ನೆಯದನ್ನು ಬರೆಯುತ್ತಿದ್ದೇನೆ. ಜಾಲಹಳ್ಳಿಯ ಕಡೆ ಒಂದು ಕಾರ್ಖಾನೆಯಲ್ಲಿ ಸಿಲಿಕಾನ್ ಬಿಲ್ಲೆಯಿಂದ ಮೋಟಾರು ನಡೆಸುವ ಕೆಲಸ ಶುರುವಾಗುತ್ತಿದೆ, ಕರೆದಿದ್ದಾರೆ. ನೀವು ಮಿಲ್ಲು ಬಿಡುವುದು ಬೇಡ. ದೀಪ ಆರಿಸಬೇಕಾಗಿಲ್ಲ. ಹೇಳಲು ಬಾರದ್ದನ್ನು ಬರೆದು ತೋರಿಸುತ್ತೇನೆ. ನನ್ನನ್ನು ಮದುವೆಯಾಗುತ್ತೀರಾ? ಇಲ್ಲ ಅಂದರೂ ಸರಿ, ಆದರೆ ಈ ಸಲ ಕೇಳಿದ್ದು ಏನು ಅಂತ ತಿಳಿದು ಹೇಳಿ.

ಪಿಳ್ಳಪ್ಪ


ಸಿಂಗಾಪುರ
೨೧ ಫೆಬ್ರವರಿ ೧೯೬೩

ಪಿಳ್ಳಪ್ಪ ಅವರೇ,

ಭಾನುವಾರ ನೀವು ನೆಲದ ಜೊತೆ ಅಷ್ಟು ಹೊತ್ತು ಏನು ಮಾತಾಡುತ್ತಿದ್ದೀರಿ ಅಂತ ನಾನೂ ಯೋಚಿಸುತ್ತಿದ್ದೆ. ನೀವು ಹೋದ ಮೇಲೆ ಅತ್ತೆಯನ್ನು ಕೇಳಿದರೆ, "ನಂಗೇನ್ ಗೊತ್ತವ್ವ, ಬಾಯೊಳ್ಗೇ ಗೊಣಗ್ತಿದ್ದ, ಗಂಡ್ಸು ಅಳೋ ಅಂಗಿದ್ದ, ಅದ್ಕೆ ಕಾಪಿ ಕೊಟ್ಟೆ" ಅಂದರು.

ನಿಮ್ಮ ಕಾಗದ ಇವತ್ತು ಬಂತು. ಎರಡು ಸಲ ಓದಿ, ಅತ್ತೆಗೂ ಓದಿ ಹೇಳಿದೆ. ಹೆಸರು ಹೊಡೆದುಹಾಕಿದ್ದನ್ನು ನಾನು ಆಗಾಗ ನೆನಪು ಮಾಡುತ್ತೇನೆ, ಆಗ ಮುಖ ಸಪ್ಪೆ ಮಾಡಬಾರದು. ಇದೊಂದೇ ನನ್ನ ಕರಾರು.

ಈ ಭಾನುವಾರ ಮಧ್ಯಾಹ್ನದ ಊಟಕ್ಕೆ ಬನ್ನಿ. ಅತ್ತೆ ಹೊಲದ ಕಡೆ ಹೋಗಿರುತ್ತಾರೆ. ಬಾಗಿಲು ತಟ್ಟುತ್ತಾ ನಿಲ್ಲಬೇಡಿ, ನನಗೆ ಕೇಳಿಸುವುದಿಲ್ಲ. ನೇರ ಒಳಗೆ ಬನ್ನಿ.

ಗಂಗರತ್ನ